ಹೆಂಡತಿಗೆ ಯಾವ ಊಟ ಆಗುವುದಿಲ್ಲ ಎಂದು ಯಾರೂ ಖಚಿತವಾಗಿ ಹೇಳುತ್ತಿಲ್ಲ, ನಾನೇನು ಮಾಡಲಿ?

ಪ್ರಶ್ನೆ: ಡಾಕ್ಟರೇ, ನಾವು ಹುಬ್ಬಳ್ಳಿ ಕಡೆಯವರು, ಈಗ ಬೆಂಗಳೂರಿನಲ್ಲಿದ್ದೇವೆ. ನನಗೆ 34, ಹೆಂಡತಿಗೆ 30. ಕಳೆದ ಒಂದೂವರೆ ವರ್ಷದಲ್ಲಿ ನಾಲ್ಕು ಸಲ ಅವಳಿಗೆ ಮೈತುಂಬ ದದ್ದು ಎದ್ದು, ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದ್ದೇವೆ. ಮೊದಲ ಸಲ ನನ್ನ ತಂಗಿಯ ಮದುವೆಯಲ್ಲಿ, ಪೂರಿ ಊಟ ಮಾಡಿ ಮೆರವಣಿಗೆಯಲ್ಲಿ ಕುಣಿದ ಮೇಲೆ. ಎರಡನೇ ಸಲ ಮನೆಯಲ್ಲಿ ಚಪಾತಿ, ಬದನೆಕಾಯಿ ಎಣ್ಣೆಗಾಯಿ ತಿಂದು ವಾಕಿಂಗ್ ಹೋದಾಗ ಪಾರ್ಕಿನಲ್ಲೇ ಕುಸಿದಳು. ಮೂರನೇ ಸಲ ಹೋಟೆಲಿನಲ್ಲಿ ಪರೋಟ ತಿಂದಾಗ. ಅವತ್ತು ಮುಟ್ಟಿನ ನೋವಿಗೆ ಮಾತ್ರೆ ನುಂಗಿದ್ದಳು. ನಾಲ್ಕನೆಯದು ಈ ಸಂಕ್ರಾಂತಿಗೆ. ಗೋಧಿ ತಿಂದಿರಲಿಲ್ಲ, ಬರೀ ಉಪ್ಪಿಟ್ಟು ತಿಂದು, ಎಳ್ಳು ಬೀರಲು ಏಳೆಂಟು ಮನೆ ಓಡಾಡಿ, ಎಳ್ಳು-ಬೆಲ್ಲ ಬಾಯಿಗೆ ಹಾಕಿಕೊಂಡಿದ್ದಳು.

ಒಬ್ಬ ವೈದ್ಯರು ಚರ್ಮದ ಪರೀಕ್ಷೆ ಮಾಡಿ ಗೋಧಿ, ಕಡಲೆ, ಶೇಂಗಾ, ಬದನೆ ಎಲ್ಲವೂ ಪಾಸಿಟಿವ್ ಎಂದರು. ಒಂದು ಲ್ಯಾಬ್ ರಕ್ತ ತೆಗೆದು ನಲವತ್ತಕ್ಕೂ ಹೆಚ್ಚು ಪದಾರ್ಥ ಬಿಡಿ ಎಂದು ಪಟ್ಟಿ ಕೊಟ್ಟಿತು. ಇನ್ನೊಬ್ಬರು ಟೆನ್ಶನ್ ಎಂದರು. ಈ ಪಟ್ಟಿ ಬರುವ ತನಕ ಅವಳು ದಿನವೂ ಶೇಂಗಾ ಚಟ್ನಿ ತಿನ್ನುತ್ತಿದ್ದಳು. ಈಗ ಅನ್ನ, ಮಜ್ಜಿಗೆ, ಬೇಯಿಸಿದ ಸೋರೆಕಾಯಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಏಳು ಕೆಜಿ ಇಳಿದಿದ್ದಾಳೆ. ಚಿಕ್ಕಂದಿನಿಂದ ಧೂಳಿನ ಅಲರ್ಜಿ ಇದೆ. ನಮ್ಮಮ್ಮ ‘ಇಷ್ಟು ವರ್ಷ ಚಪಾತಿ ತಿಂದಿಲ್ವಾ, ಇದೆಲ್ಲ ಮನಸ್ಸಿಂದು’ ಎನ್ನುತ್ತಾರೆ. ರಾತ್ರಿ ಎದ್ದು ಅವಳು ಉಸಿರಾಡುತ್ತಿದ್ದಾಳಾ ಎಂದು ನೋಡುತ್ತೇನೆ. ಒಮ್ಮೊಮ್ಮೆ ಸಿಟ್ಟು ಬರುತ್ತದೆ, ಆಮೇಲೆ ನಾಚಿಕೆಯಾಗುತ್ತದೆ. ಯಾರನ್ನು ನಂಬಲಿ? ಹೀಗೇ ಎಷ್ಟು ದಿನ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಟೆನ್ಶನ್ ಮಾತನ್ನು ಬದಿಗಿಡೋಣ. ಗಾಬರಿಯಿಂದ ಎದೆ ಹೊಡೆದುಕೊಳ್ಳಬಹುದು, ಉಸಿರು ಸಿಕ್ಕದಂತೆ ಅನ್ನಿಸಬಹುದು. ಆದರೆ ಊಟವಾದ ಸ್ವಲ್ಪ ಹೊತ್ತಿಗೆ ಮೈತುಂಬ ದದ್ದೆದ್ದು, ಉಸಿರು ಕಟ್ಟಿ, ಪಾರ್ಕಿನಲ್ಲಿ ಕುಸಿದು ಬೀಳುವುದು ಗಾಬರಿಯ ಲಕ್ಷಣವಲ್ಲ. ಇದಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಅಲರ್ಜಿಯ ಅತಿ ತೀವ್ರ ರೂಪ. ಪ್ರಾಣಕ್ಕೆ ಅಪಾಯ ಇರುವಂಥದ್ದು. ನಿಮ್ಮ ಹೆಂಡತಿ ನಾಟಕ ಆಡುತ್ತಿಲ್ಲ, ನೀವು ಅತಿಯಾಗಿ ಹೆದರುತ್ತಲೂ ಇಲ್ಲ.

ಯಾವ ಪದಾರ್ಥದಿಂದ ಎನ್ನುವುದು ಇನ್ನೂ ಗೊತ್ತಿಲ್ಲ, ನಿಜ. ಆದರೆ ಮುಂದಿನ ಸಲ ಬಂದಾಗ ಏನು ಮಾಡಬೇಕು ಎನ್ನುವುದರಲ್ಲಿ ಯಾವ ಗೊಂದಲವೂ ಇಲ್ಲ. ಶೇಂಗಾ ಇರಲಿ, ಗೋಧಿ ಇರಲಿ, ಕಾರಣ ಗೊತ್ತೇ ಆಗದಿರಲಿ, ಔಷಧಿ ಒಂದೇ. ಅದು ಅಡ್ರಿನಲಿನ್. ನಿಮ್ಮ ಪತ್ರದಲ್ಲಿ ಇಬ್ಬರು ವೈದ್ಯರಿದ್ದಾರೆ, ಒಂದು ಲ್ಯಾಬ್ ಇದೆ, ನಲವತ್ತು ಪದಾರ್ಥಗಳ ಪಟ್ಟಿ ಇದೆ. ಅಡ್ರಿನಲಿನ್ ಎನ್ನುವ ಪದ ಒಂದು ಸಲವೂ ಇಲ್ಲ. ನನಗೆ ಹೆಚ್ಚು ಚಿಂತೆ ಕೊಟ್ಟಿದ್ದು ಅದೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ವಿದೇಶದಲ್ಲಿ ಪೆನ್ನಿನಂತೆ ತೊಡೆಗೆ ಒತ್ತುವ ಅಡ್ರಿನಲಿನ್ ಇಂಜೆಕ್ಷನ್ ಸಿಗುತ್ತದೆ. ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ ಮೂಗಿಗೆ ಸಿಂಪಡಿಸುವ ಅಡ್ರಿನಲಿನ್‌ಗೂ ಒಪ್ಪಿಗೆ ಸಿಕ್ಕಿತು. ನಮ್ಮ ಊರಿನ ಮೆಡಿಕಲ್ ಶಾಪಿಗೆ ಹೋಗಿ ಕೇಳಿದರೆ ಪೆನ್ನು ಸುಲಭವಾಗಿ ಸಿಗುವುದಿಲ್ಲ. ತರಿಸಿಕೊಳ್ಳುವವರಿದ್ದಾರೆ, ಆದರೆ ದುಬಾರಿ. ಅದಕ್ಕೇ ನಾನು ಮನೆಯವರಿಗೆ ಆಂಪ್ಯೂಲ್ ಮತ್ತು ಸಿರಿಂಜ್ ಬಳಸುವುದನ್ನು ಕಲಿಸುತ್ತೇನೆ. ಒಂದು ಮಿಲಿಯಲ್ಲಿ ಒಂದು ಮಿಲಿಗ್ರಾಂ ಇರುವ ಪುಟ್ಟ ಗಾಜಿನ ಆಂಪ್ಯೂಲ್ ಅದು. ಬೆಲೆ ತುಂಬಾ ಕಡಿಮೆ. ದೊಡ್ಡವರಿಗೆ ಸಾಮಾನ್ಯವಾಗಿ ಅರ್ಧ ಮಿಲಿ ಕೊಡುತ್ತಾರೆ. ನಿಮ್ಮ ಹೆಂಡತಿಯ ಈಗಿನ ತೂಕ ನೋಡಿ ನಿಮ್ಮ ವೈದ್ಯರು ಪ್ರಮಾಣ ಬರೆದುಕೊಡಲಿ. ಆ ಚೀಟಿ ಸಿರಿಂಜಿನ ಜೊತೆಗೇ ಡಬ್ಬಿಯಲ್ಲಿರಲಿ. ಚುಚ್ಚುವುದು ತೊಡೆಯ ಹೊರಭಾಗದ ಮಧ್ಯಕ್ಕೆ, ಸ್ನಾಯುವಿಗೆ. ಚರ್ಮದ ಕೆಳಗೆ ಅಲ್ಲ, ರಕ್ತನಾಳಕ್ಕಂತೂ ಅಲ್ಲವೇ ಅಲ್ಲ. ಸಲ್ವಾರ್ ಮೇಲಿಂದಲೇ ಚುಚ್ಚಬಹುದು. ಇನ್ಸುಲಿನ್ ಸಿರಿಂಜ್ ಇದಕ್ಕೆ ಬೇಡ. ಅದರ ಸೂಜಿ ಗಿಡ್ಡ, ಗೆರೆಗಳ ಲೆಕ್ಕವೂ ಬೇರೆ.

ಓದಲು ಸುಲಭ, ಮಾಡಲು ಕಷ್ಟ. ಒಬ್ಬರು ಗಂಡ ನನ್ನ ಮುಂದೆ ಮೊದಲ ಸಲ ಆಂಪ್ಯೂಲ್ ಹಿಡಿದದ್ದು ನನಗಿನ್ನೂ ನೆನಪಿದೆ. ಲೇತ್ ಮಷೀನಿನಲ್ಲಿ ಕೆಲಸ ಮಾಡುವ ಕೈ ಅದು. ಆದರೂ ಗಾಜಿನ ಕತ್ತು ಮುರಿಯುವಾಗ ಜೋರಾಗಿ ಒತ್ತಿ ಇಡೀ ಆಂಪ್ಯೂಲ್ ಪುಡಿಯಾಯಿತು. ಎರಡನೆಯದರಲ್ಲಿ ಔಷಧಿ ಎಳೆಯುವಾಗ ಬರೀ ಗಾಳಿ ಬಂತು. ಅವು ಅಭ್ಯಾಸದ ಆಂಪ್ಯೂಲ್‌ಗಳು, ಒಳಗಿದ್ದದ್ದು ಇಂಜೆಕ್ಷನ್‌ಗೆ ಬಳಸುವ ನೀರು. ಕತ್ತಿನ ಮೇಲಿನ ಚುಕ್ಕೆ ತಮ್ಮ ಕಡೆ ತಿರುಗಿಸಿ, ಹತ್ತಿಬಟ್ಟೆ ಸುತ್ತಿ, ಹಿಂದಕ್ಕೆ ಮುರಿಯುವುದು ರೂಢಿಯಾಗಲು ಐದಾರು ಸಲ ಬೇಕಾಯಿತು. ಕೊನೆಗೆ ಒಂದು ನಿಮಿಷದೊಳಗೆ ಮುಗಿಸಿದರು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಅವತ್ತು ಮೊದಲ ಸಲ ನಕ್ಕರು. ನೀವೂ ಹೀಗೆ ಕೂತು ಕಲಿಯಿರಿ. ವೈದ್ಯರು ‘ಅವೆಲ್ಲ ಮನೆಯಲ್ಲಿ ಬೇಡ’ ಎಂದರೆ ಕಲಿಸುವ ಇನ್ನೊಬ್ಬರನ್ನು ಹುಡುಕಿ. ನಿಮ್ಮ ಹೆಂಡತಿಯೂ ಕಲಿಯಬೇಕು. ನೀವು ಆಫೀಸಿನಲ್ಲಿದ್ದಾಗ ಆ ಕೆಲಸ ಅವರೇ ಮಾಡಿಕೊಳ್ಳಬೇಕಲ್ಲವೇ?

ಯಾವಾಗ ಕೊಡಬೇಕು? ಬರೀ ದದ್ದು, ತುರಿಕೆ ಇದ್ದರೆ ಅಲರ್ಜಿ ಮಾತ್ರೆ ಕೊಟ್ಟು ಕಣ್ಣಿಟ್ಟು ನೋಡಬಹುದು. ದದ್ದಿನ ಜೊತೆ ಉಸಿರಾಟದ ತೊಂದರೆ, ಧ್ವನಿ ಒಡೆಯುವುದು, ಗಂಟಲು ಬಿಗಿಯುವುದು, ಮತ್ತೆ ಮತ್ತೆ ವಾಂತಿ, ತಲೆ ತಿರುಗಿ ಕಣ್ಣು ಕತ್ತಲೆ ಬರುವುದು, ಇವುಗಳಲ್ಲಿ ಯಾವುದಾದರೂ ಒಂದು ಬಂದರೆ ಕಾಯಬೇಡಿ, ಕೊಡಿ. ಹಿಂದೆ ನಾಲ್ಕು ಸಲ ಹೀಗಾದವರಿಗೆ ಅನುಮಾನವಿದ್ದರೂ ಕೊಡುವುದೇ ಸರಿ. ಕೊಟ್ಟ ಮೇಲೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಅದು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ತಡಮಾಡುವುದೇ ಹೆಚ್ಚು ಅಪಾಯ.

ಆಮೇಲೆ ಮಲಗಿಸಿ, ಕಾಲು ಎತ್ತರಕ್ಕಿಡಿ. ಉಸಿರಿಗೆ ಕಷ್ಟವಾದರೆ ಒರಗಿ ಕೂರಿಸಿ. ಎಬ್ಬಿಸಿ ನಿಲ್ಲಿಸಬೇಡಿ, ಮೆಟ್ಟಿಲು ಇಳಿಸಿ ನಡೆಸಬೇಡಿ. ಬಿಪಿ ಕುಸಿದಿರುವಾಗ ಥಟ್ಟನೆ ಎದ್ದು ನಿಂತವರ ಹೃದಯ ನಿಂತ ಉದಾಹರಣೆಗಳಿವೆ. 108ಕ್ಕೆ ಕರೆ ಮಾಡಿ, ಅಪಾರ್ಟ್‌ಮೆಂಟಿನಲ್ಲಿದ್ದರೆ ಸ್ಟ್ರೆಚರ್ ಮೇಲಕ್ಕೇ ಬರಲಿ. ಐದರಿಂದ ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೇ ಡೋಸ್ ಬೇಕಾಗುತ್ತದೆ. ಅದಕ್ಕೇ ಡಬ್ಬಿಯಲ್ಲಿ ಕನಿಷ್ಠ ಎರಡು ಆಂಪ್ಯೂಲ್ ಇರಲಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ, ಬಿಸಿಲು ಮತ್ತು ಶಾಖಕ್ಕೆ ಕೆಡುತ್ತದೆ. ಬಣ್ಣ ಕಂದಾದರೆ ಬದಲಾಯಿಸಿ.

ಆಸ್ಪತ್ರೆಯಲ್ಲೂ ಬಾಯಿ ಬಿಟ್ಟು ಕೇಳಿ. ನಮ್ಮಲ್ಲಿ ಅನೇಕ ಕಡೆ ಮೊದಲು ಅವಿಲ್ ಇಂಜೆಕ್ಷನ್, ಜೊತೆಗೆ ಸ್ಟೀರಾಯ್ಡ್ ಕೊಡುವ ರೂಢಿ ಇದೆ. ಅವಿಲ್ ತುರಿಕೆ ಕಡಿಮೆ ಮಾಡುತ್ತದೆ. ಬಿದ್ದ ಬಿಪಿಯನ್ನು ಎತ್ತುವುದಿಲ್ಲ, ಬಿಗಿದ ಗಂಟಲನ್ನು ಬಿಡಿಸುವುದಿಲ್ಲ. ‘ಇದು ಅನಾಫಿಲ್ಯಾಕ್ಸಿಸ್, ಅಡ್ರಿನಲಿನ್ ಕೊಟ್ಟಿದ್ದೀರಾ?’ ಎಂದು ನೇರವಾಗಿ ಕೇಳಿ. ನಿಮ್ಮ ವೈದ್ಯರ ಸಹಿ ಇರುವ ಒಂದು ಪುಟದ ಚೀಟಿ ಕೈಯಲ್ಲಿದ್ದರೆ ಕೇಳಲು ಧೈರ್ಯ ಬರುತ್ತದೆ. ಇನ್ನೊಂದು ಮಾತು, ‘ಈಗ ಸರಿಹೋಗಿದೆ’ ಎಂದು ತಕ್ಷಣ ಮನೆಗೆ ಹೊರಡಬೇಡಿ. ಕೆಲವರಿಗೆ ಕೆಲವು ಗಂಟೆ ಬಿಟ್ಟು ಎರಡನೇ ಅಲೆ ಬರುತ್ತದೆ.

ಇನ್ನು ಕಾರಣ ಹುಡುಕೋಣ. ಅದರ ಅರ್ಧ ನಿಮ್ಮ ಪತ್ರದಲ್ಲೇ ಇದೆ.

ನಾಲ್ಕು ಘಟನೆಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಪೂರಿ, ಆಮೇಲೆ ಕುಣಿತ. ಚಪಾತಿ, ಆಮೇಲೆ ವಾಕಿಂಗ್. ಪರೋಟ, ಜೊತೆಗೆ ನೋವಿನ ಮಾತ್ರೆ. ಉಪ್ಪಿಟ್ಟು, ಆಮೇಲೆ ಏಳೆಂಟು ಮನೆ ಓಡಾಟ. ನೀವು ‘ಗೋಧಿ ತಿಂದಿರಲಿಲ್ಲ, ಬರೀ ಉಪ್ಪಿಟ್ಟು’ ಎಂದು ಬರೆದಿದ್ದೀರಿ. ಉಪ್ಪಿಟ್ಟಿನ ರವೆ ಗೋಧಿಯೇ ಅಲ್ವಾ! ನನ್ನ ಬಳಿ ಬರುವ ಬಹಳ ಜನ ಇದೇ ಮಾತು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಗೋಧಿ ಎಂದರೆ ಚಪಾತಿ ಹಿಟ್ಟು ಮಾತ್ರ. ರವೆ, ಮೈದಾ, ಶಾವಿಗೆ, ಕೇಸರಿಬಾತು, ರವೆ ಇಡ್ಲಿ, ಮದ್ದೂರು ವಡೆ ಇವು ಯಾವುವೂ ಗೋಧಿಯ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ಸಲವೂ ಗೋಧಿ ಇತ್ತು. ಮೂರು ಸಲ ಊಟದ ಮೇಲೆ ದೇಹಕ್ಕೆ ದಣಿವಾಗಿತ್ತು, ಒಂದು ಸಲ ನೋವಿನ ಮಾತ್ರೆ ಇತ್ತು.

ಇದಕ್ಕೆ ಹೊಂದುವ ಒಂದು ಕಾಯಿಲೆ ಇದೆ. ಗೋಧಿ ತಿಂದು ಸುಮ್ಮನೆ ಕುಳಿತರೆ ಏನೂ ಆಗುವುದಿಲ್ಲ. ಗೋಧಿ ತಿನ್ನದೆ ಎಷ್ಟು ಓಡಿದರೂ ಏನೂ ಆಗುವುದಿಲ್ಲ. ಗೋಧಿ ತಿಂದು ಮೂರ್ನಾಲ್ಕು ಗಂಟೆಯೊಳಗೆ ವ್ಯಾಯಾಮವಾದರೆ ಮಾತ್ರ ಹೀಗಾಗುತ್ತದೆ. ದಣಿವಿನ ಜಾಗದಲ್ಲಿ ಕೆಲವರಿಗೆ ನೋವಿನ ಮಾತ್ರೆ, ಮದ್ಯ, ಜ್ವರ, ನಿದ್ದೆಗೇಡು, ಮುಟ್ಟಿನ ದಿನಗಳು ಕೂಡ ಅದೇ ಕೆಲಸ ಮಾಡುತ್ತವೆ. ಇಂಥ ಹೊತ್ತಿನಲ್ಲಿ ಪೂರ್ತಿ ಜೀರ್ಣವಾಗದ ಗೋಧಿಯ ಪ್ರೋಟೀನ್ ಕರುಳಿನಿಂದ ಹೆಚ್ಚಾಗಿ ರಕ್ತಕ್ಕೆ ಸೇರುವುದು ಒಂದು ಕಾರಣ ಎನ್ನುತ್ತಾರೆ. ಇದು ದೊಡ್ಡವರಲ್ಲೇ ಹೆಚ್ಚು. ‘ನೆನ್ನೆ ಚಪಾತಿ ತಿಂದಾಗ ಏನೂ ಆಗಲಿಲ್ಲವಲ್ಲ’ ಎಂದು ಎಲ್ಲರೂ ಗೋಧಿಯನ್ನು ಬಿಟ್ಟು ಬೇರೆಯದನ್ನು ಹುಡುಕುತ್ತಾರೆ. ಹಾಗಾಗಿ ವರ್ಷಗಟ್ಟಲೆ ಪತ್ತೆಯಾಗುವುದಿಲ್ಲ.

ನಿಮ್ಮ ತಾಯಿಯ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಇಷ್ಟು ವರ್ಷ ತಿಂದದ್ದು ಈಗೇಕೆ ಆಗುವುದಿಲ್ಲ? ಆಹಾರದ ಅಲರ್ಜಿ ಯಾವ ವಯಸ್ಸಿನಲ್ಲೂ ಶುರುವಾಗಬಹುದು. ಜಪಾನಿನಲ್ಲಿ ಒಂದು ಮುಖದ ಸೋಪಿಗೆ ಗೋಧಿಯ ಪ್ರೋಟೀನ್ ಸೇರಿಸಿದ್ದರು. ಅದನ್ನು ಬಳಸಿದವರಲ್ಲಿ 2 ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಬಂತು. 2011ರಲ್ಲಿ ಸೋಪನ್ನು ಹಿಂದಕ್ಕೆ ಪಡೆದರು. ಅದಕ್ಕೆ ಮುಂಚೆ ಅವರೂ ಬ್ರೆಡ್ಡು, ನೂಡಲ್ಸ್ ಆರಾಮಾಗಿ ತಿನ್ನುತ್ತಿದ್ದವರೇ. ಇದನ್ನು ಅಮ್ಮನಿಗೆ ಜಗಳದ ಧ್ವನಿಯಲ್ಲಿ ಅಲ್ಲ, ಕಥೆಯ ಹಾಗೆ ಹೇಳಿ. ಆದರೆ ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗುವುದು ಇನ್ನೂ ಒಳ್ಳೆಯದು. ಸೊಸೆಗೆ ಆಂಪ್ಯೂಲ್ ಮುರಿಯುವುದನ್ನು ಕಲಿಸುವಾಗ ಪಕ್ಕದಲ್ಲಿ ಕುಳಿತ ಅತ್ತೆ ಮತ್ತೆ ಮನಸ್ಸಿನ ಕಾಯಿಲೆ ಎಂದದ್ದನ್ನು ನಾನು ಕೇಳಿಲ್ಲ.

ಗೋಧಿ ನನ್ನ ಮೊದಲ ಅನುಮಾನ. ಆದರೆ ಒಂದೇ ಪತ್ರ ಓದಿ ತೀರ್ಪು ಕೊಡಲಾರೆ. ಎರಡನೇ ಅನುಮಾನವೂ ಇದೆ. ನಿಮ್ಮ ಹೆಂಡತಿಗೆ ಚಿಕ್ಕಂದಿನಿಂದ ಧೂಳಿನ ಅಲರ್ಜಿ ಎಂದಿದ್ದೀರಿ. ಧೂಳಿನ ಅಲರ್ಜಿ ಎಂದರೆ ಬಹುತೇಕ ಕಣ್ಣಿಗೆ ಕಾಣದ ನುಸಿಯ ಅಲರ್ಜಿ. ಬಾಯಿ ತೆರೆದಿಟ್ಟ ಮೈದಾ, ರವೆ, ಹಿಟ್ಟಿನ ಡಬ್ಬಿಯಲ್ಲಿ ಸೆಕೆ, ತೇವ ಸೇರಿದರೆ ಇಂಥದೇ ನುಸಿಗಳು ಬೆಳೆಯುತ್ತವೆ. ಆ ಹಿಟ್ಟಿನ ತಿಂಡಿ ತಿಂದರೆ ಧೂಳಿನ ಅಲರ್ಜಿ ಇರುವ ಕೆಲವರಿಗೆ ಅನಾಫಿಲ್ಯಾಕ್ಸಿಸ್ ಆಗುತ್ತದೆ. ಬೇಯಿಸಿದರೂ ತಪ್ಪುವುದಿಲ್ಲ. ಪ್ಯಾನ್‌ಕೇಕ್ ತಿಂದವರಲ್ಲಿ ಮೊದಮೊದಲು ಕಂಡದ್ದರಿಂದ ಪ್ಯಾನ್‌ಕೇಕ್ ಸಿಂಡ್ರೋಮ್ ಎಂಬ ಹೆಸರು ಬಂದಿದೆ. ವಿಚಿತ್ರವೆಂದರೆ ಇಂಥವರಲ್ಲೂ ಅನೇಕರಿಗೆ ನೋವಿನ ಮಾತ್ರೆ ಆಗುವುದಿಲ್ಲ. ನಿಮ್ಮ ಹೆಂಡತಿಗೆ ಮದುವೆ ಮನೆ, ಹೋಟೆಲು, ಸ್ವಂತ ಮನೆ ಹೀಗೆ ಬೇರೆ ಬೇರೆ ಅಡುಗೆಮನೆಯಲ್ಲಿ ಆಗಿರುವುದರಿಂದ ನುಸಿಗಿಂತ ಗೋಧಿಯ ಕಡೆ ನನ್ನ ಮನಸ್ಸು ವಾಲುತ್ತದೆ. ಆದರೂ ಇವತ್ತಿನಿಂದಲೇ ಎಲ್ಲ ಹಿಟ್ಟುಗಳನ್ನೂ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಸಣ್ಣ ಪ್ಯಾಕೆಟ್ ತನ್ನಿ. ಖರ್ಚಿಲ್ಲದ ಎಚ್ಚರಿಕೆ ಇದು.

ಎಳ್ಳನ್ನು ಸುಮ್ಮನೆ ಬಿಟ್ಟುಬಿಡಲು ಆಗುವುದಿಲ್ಲ. ನಾಲ್ಕನೇ ಸಲ ಬಾಯಿಗೆ ಕೊನೆಗೆ ಹೋದದ್ದು ಅದೇ. ಎಳ್ಳಿನ ಅಲರ್ಜಿ ಬಂದರೆ ಜೋರಾಗಿಯೇ ಬರುತ್ತದೆ. ಪರೀಕ್ಷೆ ಆಗುವ ತನಕ ಎಳ್ಳು ದೂರವಿರಲಿ.

ಈಗ ಆ ಪರೀಕ್ಷೆಗಳ ವಿಷಯ. ಲ್ಯಾಬ್ ಕೊಟ್ಟ ನಲವತ್ತು ಪದಾರ್ಥಗಳ ಪಟ್ಟಿಯ ಮೇಲೆ ‘ಐಜಿಜಿ’ ಎಂದಿದೆಯಾ ನೋಡಿ. ಇದ್ದರೆ ಅದನ್ನು ಮಡಚಿ ಒಳಗಿಡಿ. ಐಜಿಜಿ ಎನ್ನುವುದು ನಾವು ತಿಂದ ಆಹಾರಕ್ಕೆ ದೇಹ ಸಹಜವಾಗಿ ತಯಾರಿಸುವ ಪ್ರತಿಕಾಯ. ನೀವು ಏನು ತಿನ್ನುತ್ತೀರಿ ಎನ್ನುವುದನ್ನು ಹೇಳುತ್ತದೆಯೇ ಹೊರತು ಯಾವುದು ಆಗುವುದಿಲ್ಲ ಎನ್ನುವುದನ್ನಲ್ಲ. ಆಹಾರ ಅಲರ್ಜಿ ಪತ್ತೆಗೆ ಇದನ್ನು ಬಳಸಬಾರದು ಎಂದು ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಹೇಳಿದೆ. ಆ ಒಂದು ಹಾಳೆಗಾಗಿ ನಿಮ್ಮ ಹೆಂಡತಿ ಏಳು ಕೆಜಿ ಕಳೆದುಕೊಂಡಿದ್ದಾರೆ ಎಂದು ಓದಿ ನಿಜವಾಗಿ ನೋವಾಯಿತು.

ಚರ್ಮದ ಪರೀಕ್ಷೆ ಹಾಗಲ್ಲ. ಅದು ಒಳ್ಳೆಯ ಪರೀಕ್ಷೆ. ಆದರೆ ಪಾಸಿಟಿವ್ ಎಂದರೆ ದೇಹ ಆ ಪದಾರ್ಥವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ. ತಿಂದರೆ ತೊಂದರೆ ಆಗಿಯೇ ತೀರುತ್ತದೆ ಎಂದಲ್ಲ. ಇದಕ್ಕೆ ನಮ್ಮದೇ ಊರಿನ ಲೆಕ್ಕ ಇದೆ. ಬೆಂಗಳೂರು, ಮೈಸೂರು ಭಾಗದ ವಯಸ್ಕರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಯಾವುದಾದರೂ ಒಂದು ಆಹಾರಕ್ಕೆ ರಕ್ತದಲ್ಲಿ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಇದ್ದವರು ಶೇಕಡ 26.5. ಲಕ್ಷಣವೂ ಇದ್ದು, ನಿಜವಾದ ಅಲರ್ಜಿ ಇರಬಹುದು ಎನ್ನಿಸಿದವರು ಶೇಕಡ 1.2 ಮಾತ್ರ. ಎಷ್ಟು ವ್ಯತ್ಯಾಸ ನೋಡಿ. ಪಾಸಿಟಿವ್ ಬಂದದ್ದನ್ನೆಲ್ಲ ಬಿಡಿಸುತ್ತಾ ಹೋದರೆ ನಮ್ಮಲ್ಲಿ ನಾಲ್ಕರಲ್ಲಿ ಒಬ್ಬರು ಉಪವಾಸ ಕೂರಬೇಕಾಗುತ್ತದೆ. ಬದನೆಯೂ ಹಾಗೆಯೇ. ಬದನೆ ತಿಂದರೆ ಬಾಯಿ ತುರಿಕೆ ಎನ್ನುವವರು ನಮ್ಮಲ್ಲಿ ಬಹಳ. ಬದನೆಯಲ್ಲೇ ಹಿಸ್ಟಮಿನ್ ಎಂಬ ತುರಿಕೆ ತರುವ ಅಂಶ ಇರುತ್ತದೆ. ಹಾಗಾಗಿ ತುರಿಸಿದ್ದೆಲ್ಲ ಅಲರ್ಜಿಯಲ್ಲ.

ಶೇಂಗಾ ವಿಷಯದಲ್ಲಿ ನಿಮ್ಮ ಪತ್ರವೇ ಸಾಕ್ಷಿ. ಪರೀಕ್ಷೆಗೆ ಮುಂಚೆ ದಿನವೂ ಶೇಂಗಾ ಚಟ್ನಿ ತಿಂದು ಅರಗಿಸಿಕೊಂಡವರಿಗೆ ಶೇಂಗಾ ಕಾರಣ ಆಗಿರುವ ಸಾಧ್ಯತೆ ತುಂಬಾ ಕಡಿಮೆ. ದಿನವೂ ತಿಂದು ಏನೂ ಆಗದಿರುವುದಕ್ಕಿಂತ ದೊಡ್ಡ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ. ಈ ಮಾತನ್ನು ವೈದ್ಯರಿಗೆ ಹೇಳಿ. ಬಹುಶಃ ಅವರು ಅದನ್ನು ಕೇಳಿಯೇ ಇಲ್ಲ.

ಅಲರ್ಜಿ ತಜ್ಞರ ಬಳಿ ನೀವು ಮೂರು ವಿಷಯ ಎತ್ತಬೇಕು. ಒಂದು, ಒಮೆಗಾ-5 ಗ್ಲಯಾಡಿನ್ ಎಂಬ ರಕ್ತಪರೀಕ್ಷೆ. ನಾನು ಹೇಳಿದ ಗೋಧಿಯ ಕಾಯಿಲೆಯಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವ ಪ್ರೋಟೀನ್ ಇದು. ಮಾಮೂಲಿ ಗೋಧಿ ಪರೀಕ್ಷೆಯಲ್ಲಿ ತಪ್ಪಿಸಿಕೊಂಡವರನ್ನು ಇದು ಹಲವು ಸಲ ಹಿಡಿಯುತ್ತದೆ. ಎಲ್ಲರನ್ನೂ ಅಲ್ಲ, ಅದೂ ನೆನಪಿರಲಿ. ಎರಡು, ಟ್ರಿಪ್ಟೇಸ್, ಅಂದರೆ ಇಂಥ ರಿಯಾಕ್ಷನ್ ಆದಾಗ ರಕ್ತದಲ್ಲಿ ಏರುವ ಒಂದು ಅಂಶದ ಪರೀಕ್ಷೆ. ರಿಯಾಕ್ಷನ್ ಶುರುವಾಗಿ ಒಂದೆರಡು ಗಂಟೆಯಲ್ಲಿ, ಹೆಚ್ಚೆಂದರೆ ನಾಲ್ಕು ಗಂಟೆಯೊಳಗೆ ತೆಗೆದ ರಕ್ತದಲ್ಲಿ ಇದು ಏರಿದ್ದರೆ ಅನಾಫಿಲ್ಯಾಕ್ಸಿಸ್ ಎನ್ನುವುದಕ್ಕೆ ಬಲ ಬರುತ್ತದೆ. ಆರಾಮಾಗಿರುವಾಗ ಒಮ್ಮೆ ತೆಗೆದು ಹೋಲಿಸಬೇಕು. ಆರಾಮಾಗಿರುವಾಗಲೂ ಹೆಚ್ಚಿದ್ದರೆ ಬೇರೆಯೇ ಕಾಯಿಲೆ ಹುಡುಕಬೇಕಾಗುತ್ತದೆ. ಮೂರು, ಆಸ್ಪತ್ರೆಯಲ್ಲೇ ವೈದ್ಯರ ಕಣ್ಣೆದುರು ಸ್ವಲ್ಪ ಸ್ವಲ್ಪವೇ ತಿನ್ನಿಸಿ ನೋಡುವ ಪರೀಕ್ಷೆ. ಕೊನೆಯ ಮಾತು ಇದರದ್ದೇ. ಆದರೆ ದಯವಿಟ್ಟು ಮನೆಯಲ್ಲಿ ‘ಒಂದು ಚೂರು ತಿಂದು ನೋಡು’ ಎನ್ನುವ ಪ್ರಯೋಗ ಮಾಡಬೇಡಿ. ಚರ್ಮದ ಪರೀಕ್ಷೆ ಮತ್ತೆ ಮಾಡಿಸುವುದಾದರೆ ಅಲರ್ಜಿ ಮಾತ್ರೆಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಸುಳ್ಳು ನೆಗೆಟಿವ್ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಕೆಲವರಲ್ಲಿ ಕಾರಣ ಸಿಗುವುದಿಲ್ಲ. ಹಾಗಾದರೆ ನೀವು ಸೋತಿರಿ ಎಂದಲ್ಲ. ಡಬ್ಬಿಯಲ್ಲಿ ಅಡ್ರಿನಲಿನ್ ಇದ್ದೇ ಇರುತ್ತದೆ, ಕಾಲ ಕಳೆದಂತೆ ಇಂಥ ರಿಯಾಕ್ಷನ್‌ಗಳು ಅಪರೂಪವಾಗುತ್ತಾ ಹೋಗುವುದನ್ನೂ ನೋಡಿದ್ದೇನೆ.

ಅಲ್ಲಿಯವರೆಗೆ ಊಟ? ಗೋಧಿ ಪೂರ್ತಿ ನಿಲ್ಲಿಸಿ. ರವೆ, ಮೈದಾ, ಶಾವಿಗೆ, ಬಿಸ್ಕತ್ತು, ಬ್ರೆಡ್ಡು ಎಲ್ಲ ಸೇರಿ. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ನೋಡಿ, ಹೆಚ್ಚಿನವುಗಳಲ್ಲಿ ಮೈದಾ ಇರುತ್ತದೆ. ಪ್ಯಾಕೆಟ್ ಆಹಾರದಲ್ಲಿ ಗೋಧಿ, ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಶೇಂಗಾ ಮತ್ತು ಗೋಡಂಬಿ ಥರದ ಬೀಜಗಳು, ಸೋಯಾ, ಸಲ್ಫೈಟ್ ಇದ್ದರೆ ಲೇಬಲ್ಲಿನಲ್ಲಿ ಬೇರೆಯಾಗಿ ಹೇಳಲೇಬೇಕು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) 2020ರ ನಿಯಮ ಇದೆ. ಎಳ್ಳು, ಕಡಲೆಹಿಟ್ಟು, ಸಾಸಿವೆ ಆ ಪಟ್ಟಿಯಲ್ಲಿಲ್ಲ. ಅವುಗಳಿಗಾಗಿ ಪದಾರ್ಥಗಳ ಸಾಲನ್ನು ಪೂರ್ತಿ ಓದಬೇಕು. ನೋವಿನ ಮಾತ್ರೆ, ಅದರಲ್ಲೂ ಮೆಫೆನಾಮಿಕ್ ಆಸಿಡ್, ಐಬುಪ್ರೊಫೇನ್, ಆಸ್ಪಿರಿನ್ ಬೇಡ. ಮುಟ್ಟಿನ ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ.

ಹುಬ್ಬಳ್ಳಿಯವರಿಗೆ ಗೋಧಿ ಬಿಡುವುದು ದೊಡ್ಡ ಕಷ್ಟವಲ್ಲ. ಜೋಳದ ರೊಟ್ಟಿ ಇದೆಯಲ್ಲ! ರಾಗಿ ಮುದ್ದೆ, ಅಕ್ಕಿ ರೊಟ್ಟಿ, ದೋಸೆ, ಇಡ್ಲಿ, ಅವಲಕ್ಕಿ ಇವೆ. ಒಂದೇ ಎಚ್ಚರಿಕೆ, ಗಿರಣಿ. ಗೋಧಿ ಬೀಸಿದ ಮೇಲೆ ಅದೇ ಕಲ್ಲಿಗೆ ಜೋಳ ಹಾಕಿದರೆ ಮೊದಲು ಉದುರುವ ಹಿಟ್ಟಿನಲ್ಲಿ ಗೋಧಿ ಇರುತ್ತದೆ. ಸದ್ಯಕ್ಕೆ ಮನೆಯಲ್ಲೇ ಮಿಕ್ಸಿಯಲ್ಲಿ ಮಾಡಿಕೊಳ್ಳಿ, ಅಥವಾ ಜೋಳಕ್ಕೇ ಬೇರೆ ಕಲ್ಲು ಇರುವ ಗಿರಣಿ ನೋಡಿ. ಬೇಳೆ, ಸೊಪ್ಪು, ತರಕಾರಿ, ಮೊಸರು, ಹಣ್ಣು ಒಂದೊಂದಾಗಿ ವೈದ್ಯರನ್ನು ಕೇಳಿ ತಟ್ಟೆಗೆ ಮರಳಿ ಬರಲಿ. ಮೊದಲು ಬರಬೇಕಾದದ್ದು ಬೇಳೆ. ಅನ್ನ, ಮಜ್ಜಿಗೆಯಲ್ಲಿ ಮೂವತ್ತು ವರ್ಷದ ಹೆಣ್ಣುಮಗಳು ಗಟ್ಟಿಯಾಗಿರಲು ಆಗುವುದಿಲ್ಲ. ಮುಂದೆ ಮಗು ಬೇಕು ಎಂದಿದ್ದರಂತೂ ಈ ತೂಕ ಮೊದಲು ಸರಿಹೋಗಬೇಕು.

ನೀವು ಚಪಾತಿ ಬಿಡಬೇಕೇ? ನಾನು ಊಹಿಸಿದ ಗೋಧಿ ಕಾಯಿಲೆಯೇ ಆಗಿದ್ದರೆ, ಪಕ್ಕದ ತಟ್ಟೆಯಲ್ಲಿರುವ ಚಪಾತಿಯಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಗೊತ್ತಾಗುವ ತನಕ ನೀವು ಹೊರಗೆ ತಿನ್ನಿ. ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್ ರೋಗಾಣು ಕೊಲ್ಲುತ್ತದೆ, ಕೈಗೆ ಅಂಟಿದ ಆಹಾರದ ಪ್ರೋಟೀನ್ ತೆಗೆಯುವುದಿಲ್ಲ. ಮುತ್ತಿನ ವಿಷಯ ಕೇಳಲು ಜನ ಸಂಕೋಚ ಪಡುತ್ತಾರೆ, ಅದಕ್ಕೆ ನಾನೇ ಹೇಳುತ್ತೇನೆ. ತಿಂದದ್ದು ಎಂಜಲಿನಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಹಲ್ಲುಜ್ಜುವುದೊಂದೇ ಸಾಲದು. ಕೆಲವು ಗಂಟೆ ಬಿಟ್ಟು, ನಡುವೆ ಅವರಿಗೆ ಆಗುವ ಊಟವನ್ನೇ ನೀವೂ ಮಾಡಿದರೆ ಭಯವಿಲ್ಲ. ಕದ್ದು ತಿನ್ನಬೇಡಿ. ‘ಇವತ್ತು ಆಫೀಸಿನಲ್ಲಿ ಪರೋಟ ತಿಂದೆ’ ಎಂದು ಹೇಳಿಬಿಡಿ. ಅವರಿಗೆ ಬೇಕಾದದ್ದು ನಿಮ್ಮ ಉಪವಾಸವಲ್ಲ. ನಿಮ್ಮ ಮಾತನ್ನು ನಂಬಬಹುದು ಎನ್ನುವ ಧೈರ್ಯ.

ಸಿಟ್ಟು ಬರುತ್ತದೆ ಎಂದಿರಿ. ಬರುತ್ತದೆ. ಹೋಟೆಲಿಗೆ ಹೋಗುವಂತಿಲ್ಲ, ಮದುವೆ ಮನೆಯಲ್ಲಿ ಬಾಳೆ ಎಲೆ ಮುಂದೆ ಕೂತು ವಿವರಣೆ ಕೊಡಬೇಕು, ರಾತ್ರಿ ನಿದ್ದೆಯಿಲ್ಲ. ಸಿಟ್ಟು ಕಾಯಿಲೆಯ ಮೇಲೆ. ಆದರೆ ಎದುರಿಗಿರುವವರು ಅವರೊಬ್ಬರೇ ಆದ್ದರಿಂದ ಅವರ ಮೇಲೆ ಎಂಬಂತೆ ಕಾಣುತ್ತದೆ. ಅದನ್ನು ಅವರಿಗೆ ಹೇಳಬಹುದು. ‘ನಿನ್ನ ಮೇಲಲ್ಲ, ನನಗೂ ಸುಸ್ತಾಗಿದೆ’ ಎಂದರೆ ಸಾಕು. ತಮ್ಮಿಂದ ಗಂಡನಿಗೆ ಕಷ್ಟ ಎಂದು ಒಳಗೊಳಗೇ ಕೊರಗುವ ಹೆಂಗಸರು ನನ್ನ ಮುಂದೆ ಕುಳಿತು ಅತ್ತಿದ್ದಾರೆ. ಗಂಡ ಬಾಯಿಬಿಟ್ಟಾಗ ಅವರಿಗೂ ಬಾಯಿಬಿಡಲು ದಾರಿಯಾಗುತ್ತದೆ.

ಕೆಲಸ ಹಂಚಿಕೊಳ್ಳಿ. ಏನು ತಿನ್ನಬೇಕು ಎನ್ನುವ ತೀರ್ಮಾನ ಅವರದ್ದು. ಪ್ರತಿ ತುತ್ತಿಗೂ ‘ಅದರಲ್ಲಿ ಏನಿದೆ ನೋಡಿದ್ಯಾ?’ ಎಂದು ಕೇಳಿದರೆ ಪೊಲೀಸ್ ಜೊತೆ ಸಂಸಾರ ಮಾಡಿದಂತಾಗುತ್ತದೆ. ಡಬ್ಬಿಯ ಜವಾಬ್ದಾರಿ ನಿಮ್ಮದು. ಅವಧಿ ಮುಗಿಯುವ ತಾರೀಖು, ಹೊಸ ಆಂಪ್ಯೂಲ್, ಪ್ರಯಾಣದಲ್ಲಿ ಬ್ಯಾಗಿಗೆ ಹಾಕುವುದು. ಬಂಧುಗಳ ಬಾಯಿ ಮುಚ್ಚಿಸುವ ಕೆಲಸವೂ ನಿಮ್ಮದೇ. ಪ್ರಸಾದ ಬೇಡ ಎಂದರೆ ನೊಂದುಕೊಳ್ಳುವವರ ಮುಂದೆ ನಿಮ್ಮ ಹೆಂಡತಿ ಅದನ್ನು ಕಣ್ಣಿಗೊತ್ತಿಕೊಂಡು ನಿಮ್ಮ ಕೈಗೆ ಕೊಡಲಿ, ನೀವು ತಿನ್ನಿ. ಮುಂದಿನ ಸಂಕ್ರಾಂತಿಗೆ ಎಳ್ಳು-ಬೆಲ್ಲದ ಬದಲು ಸಕ್ಕರೆ ಅಚ್ಚು, ಕಬ್ಬು, ಬಾಳೆಹಣ್ಣು ಹಿಡಿದು ಹೋಗಿ. ಎಳ್ಳಿಲ್ಲದಿದ್ದರೂ ಅಕ್ಕಪಕ್ಕದವರ ಜೊತೆ ಒಳ್ಳೆಯ ಮಾತಾಡಬಹುದು.

ರಾತ್ರಿ ಎದ್ದು ಉಸಿರು ನೋಡುವುದನ್ನು ಈ ವಾರದಿಂದ ಕಡಿಮೆ ಮಾಡಲು ನೋಡಿ. ನಾಲ್ಕು ಸಲವೂ ಊಟವಾದ ಕೆಲವು ಗಂಟೆಯೊಳಗೆ, ಎಚ್ಚರವಿದ್ದಾಗಲೇ ಆಗಿದೆ. ರಾತ್ರಿ ಊಟ ಎಂಟು ಗಂಟೆಯೊಳಗೆ ಮುಗಿಸಿ, ಆಮೇಲೆ ವಾಕಿಂಗ್ ಬೇಡ. ವಾಕಿಂಗ್ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಇಬ್ಬರೂ ಹೋಗಿ. ಮಲಗುವಾಗ ಡಬ್ಬಿ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿದ್ದರೆ ಸಾಕು.

ಇವತ್ತು ಒಂದು ನೋಟ್‌ಬುಕ್ ತನ್ನಿ. ನಾಲ್ಕು ಘಟನೆಗಳಿಗೂ ಒಂದೊಂದು ಪುಟ. ಹಿಂದಿನ ಆರು ಗಂಟೆಯಲ್ಲಿ ತಿಂದದ್ದು, ಕುಡಿದದ್ದು, ನುಂಗಿದ ಮಾತ್ರೆ, ಓಡಾಟ, ಮುಟ್ಟಿನ ದಿನ, ನಿದ್ದೆ, ಜ್ವರ, ಎಷ್ಟು ನಿಮಿಷಕ್ಕೆ ಮೊದಲ ಲಕ್ಷಣ, ಆಸ್ಪತ್ರೆಯಲ್ಲಿ ಏನು ಕೊಟ್ಟರು. ನೆನಪಾದಷ್ಟು ಬರೆಯಿರಿ. ಇನ್ನೊಂದು ಪುಟದಲ್ಲಿ ಗೋಧಿ ತಿಂದೂ ಏನೂ ಆಗದ ದಿನಗಳನ್ನು ಬರೆಯಿರಿ. ಅವೂ ಅಷ್ಟೇ ಮುಖ್ಯ. ದೇವರು ದೊಡ್ಡವನು, ಮತ್ತೆ ಆಗದಿರಲಿ. ಒಂದು ವೇಳೆ ಆದರೆ, ಇಂಜೆಕ್ಷನ್ ಕೊಟ್ಟ ಮೇಲೆ ದದ್ದಿನ ಫೋಟೊ ತೆಗೆಯಿರಿ. ಆಸ್ಪತ್ರೆ ತಲುಪುವಷ್ಟರಲ್ಲಿ ಅದು ಮಾಯವಾಗಿರುತ್ತದೆ, ಆಮೇಲೆ ಯಾರೂ ನಂಬುವುದಿಲ್ಲ.

ಸಂಕ್ರಾಂತಿ ದಿನದ ಉಪ್ಪಿಟ್ಟು ಮಾಡಿದ ರವೆ ಡಬ್ಬಿ ಇನ್ನೂ ಮನೆಯಲ್ಲಿದೆಯಾ? ಇದ್ದರೆ ಚೆಲ್ಲಬೇಡಿ. ಎರಡು ಚಮಚ ರವೆಯನ್ನು ಜಿಪ್ ಕವರಿಗೆ ಹಾಕಿ, ತಾರೀಖು ಬರೆದು, ಫ್ರಿಜ್ಜಿನಲ್ಲಿಡಿ. ಹೊಸ ಪ್ಯಾಕೆಟ್ಟಿನ ರವೆಯನ್ನೂ ಇನ್ನೊಂದು ಕವರಿನಲ್ಲಿ ತೆಗೆದುಕೊಂಡು ಹೋಗಿ. ಎರಡನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಎರಡರಿಂದಲೂ ಚರ್ಮದ ಪರೀಕ್ಷೆ ಮಾಡಿದರೆ, ನುಸಿಯೋ ಗೋಧಿಯೋ ಎನ್ನುವ ಪ್ರಶ್ನೆಗೆ ಅವತ್ತೇ ಒಂದು ಸುಳಿವು ಸಿಗಬಹುದು.